ವಾರಿಜಕ್ಕನ ಸೊಂಟದ ನೂಲು

ಕಳೆದ ತಿಂಗಳು ಹೊಸ ಫ್ರಿಜ್ ಕೊಳ್ಳಲು ಉಡುಪಿಗೆ ಹೋಗಿದ್ದೆವು. ನಮ್ಮ ಕಾರ್ಕಳದಲ್ಲೇ ಬೇಕಾದಷ್ಟು ಅಂಗಡಿಗಳಿವೆ. ಆದರೆ ದೊಡ್ಡ ಅಂಗಡಿಯಲ್ಲಿ ಕೊಂಡ ಫ್ರಿಜ್ ಹೆಚ್ಚು ತಣ್ಣಗಿರುತ್ತದೆ ಎಂಬುದು ನನ್ನ ಗಂಡನ ನಂಬಿಕೆ. ಮಣಿಪಾಲಕ್ಕೆ ಏರುವ ರಸ್ತೆಯಲ್ಲಿ ಆಟೋ ನಿಂತಾಗ ನೋಡುತ್ತೇನೆ, ಅದು ನಾನು ಹಿಂದೆ ಕೆಲಸ ಮಾಡುತ್ತಿದ್ದ ಸ್ಕ್ಯಾನ್ ಸೆಂಟರಿನ ಕಟ್ಟಡ. ಸೆಂಟರ್ ಮುಚ್ಚಿ ಕೆಲವು ವರ್ಷಗಳಾದವು. ಹಿಂಬದಿಯಲ್ಲಿ ಎಂ.ಆರ್.ಐ. ಯಂತ್ರವಿದ್ದ ಕೋಣೆಯಲ್ಲಿ ಈಗ ಸಾಲಾಗಿ ಫ್ರಿಜ್‌ಗಳು ನಿಂತಿದ್ದವು. ಅಂಗಡಿಯ ಹುಡುಗಿ ಒಂದರ ಬಾಗಿಲು ತೆರೆದಳು. ಮುಖಕ್ಕೆ ತಣ್ಣನೆಯ ಗಾಳಿ ಬಡಿಯಿತು, ಜೊತೆಗೆ ಹೊಸ ರಬ್ಬರಿನ ವಾಸನೆ. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಗಂಡ "ಎಂತ ಆಯಿತು?" ಎಂದರು. ಏನೂ ಇಲ್ಲ, ಬೇರೆ ಅಂಗಡಿಗೆ ಹೋಗುವ ಎಂದೆ.

ಆ ಚಳಿಯಲ್ಲಿ ನಾನು ಏಳು ವರ್ಷ ಕೆಲಸ ಮಾಡಿದ್ದೆ. ಅದರಲ್ಲಿ ಆರು ವರ್ಷಗಳನ್ನು ಮರೆತಿದ್ದೇನೆ ಎಂದರೂ ಸುಳ್ಳಲ್ಲ. ಉಳಿದಿರುವುದು ಒಂದು ಆಟಿ ತಿಂಗಳು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಬರುವ ಈ ತಿಂಗಳಲ್ಲಿ ನಮ್ಮ ಕಡೆ ಮದುವೆ ಇಲ್ಲ, ಮನೆ ಒಕ್ಕಲು ಇಲ್ಲ, ಶುಭಕಾರ್ಯದ ಹೆಸರೇ ಇಲ್ಲ. ಕಾಯಿಲೆಗೆ ಮಾತ್ರ ಆಟಿಯ ನಿಷೇಧ ಇಲ್ಲ.

ಆ ವರ್ಷ ನಾವು ಇಬ್ಬರು ಟೆಕ್ನೀಷಿಯನ್‌ಗಳಿದ್ದೆವು. ಇನ್ನೊಬ್ಬಳು ಹೆರಿಗೆಗೆ ರಜೆ ಹಾಕಿದ ಮೇಲೆ ನಾನೊಬ್ಬಳೇ ಉಳಿದೆ. ಬೆಳಿಗ್ಗೆ ಕಾರ್ಕಳದಿಂದ ಬಸ್ ಹಿಡಿದು, ಹಿರಿಯಡ್ಕ, ಪರ್ಕಳ ಅಂತ ನಿಂತು ನಿಂತು ಬರುವಷ್ಟರಲ್ಲಿ ಸೀರೆಯ ಅಂಚು ಮೊಣಕಾಲಿನ ತನಕ ಒದ್ದೆ. ಒದ್ದೆ ಮೈಯಲ್ಲೇ ಹದಿನೆಂಟು ಡಿಗ್ರಿಯ ಕೋಣೆಗೆ ಪ್ರವೇಶ. ಮಳೆಗಾಲದಲ್ಲಿ ಕೋಣೆಯ ಗಾಳಿಯಲ್ಲಿ ಪಸೆ ಹೆಚ್ಚಾದರೆ ಯಂತ್ರ ಮುನಿಸಿಕೊಳ್ಳುತ್ತಿತ್ತು. ಅದಕ್ಕೆ ತಂಪು ಬೇಕು, ಒಣ ಗಾಳಿ ಬೇಕು, ತಿಂಗಳಿಗೊಮ್ಮೆ ಎಂಜಿನಿಯರ್ ಬಂದು ಮೈ ಸವರಬೇಕು. ನಮಗೆ ಕೆಮ್ಮು ಬಂದರೆ ಕೇಳುವವರಿರಲಿಲ್ಲ. ಆಯಾ ಕಮಲಕ್ಕ ಹೇಳುತ್ತಿದ್ದರು, "ಲವೀನಾ ಬಾಯಿ, ಮುಂದಿನ ಜನ್ಮದಲ್ಲಿ ಮಿಷನ್ ಆಗಿ ಹುಟ್ಟುವ. ಮಲಗಿದಲ್ಲೇ ಉಪಚಾರ."

ಕಮಲಕ್ಕನ ಕೆಲಸ ಹೆಂಗಸರ ಬಟ್ಟೆ ಬದಲಿಸಿ, ಮೈಮೇಲಿನ ಲೋಹವನ್ನೆಲ್ಲ ಕಳಚಿಸಿ ನನ್ನ ಬಳಿ ಕಳಿಸುವುದು. ಎಂ.ಆರ್.ಐ. ಎಂದರೆ ಒಂದು ದೊಡ್ಡ ಮ್ಯಾಗ್ನೆಟ್ಟು. ಮೈಮೇಲೆ ಕಬ್ಬಿಣದ ಚೂರು ಇದ್ದರೆ ಅಪಾಯ. ಅಪಾಯ ಆಗದಿದ್ದರೂ ಚಿತ್ರ ಕೆಡುತ್ತದೆ. ನಮ್ಮ ಊರಿನ ಹೆಂಗಸರ ಮೈಮೇಲೆ ಎಷ್ಟು ಲೋಹ ಇರುತ್ತದೆ ಎಂಬುದು ಆ ಕೆಲಸ ಮಾಡಿದವರಿಗೇ ಗೊತ್ತು. ಕರಿಮಣಿಗೆ ಸಿಕ್ಕಿಸಿದ ನಾಲ್ಕು ಸೇಫ್ಟಿ ಪಿನ್ನು, ಬಳೆಗೆ ಇನ್ನೆರಡು, ತುರುಬಿನೊಳಗೆ ಲೆಕ್ಕ ಸಿಗದಷ್ಟು ಕ್ಲಿಪ್ಪು. ಒಬ್ಬ ಅಜ್ಜಿ ಮೂಗುತಿಯ ತಿರುಪು ಅರುವತ್ತು ವರ್ಷದಿಂದ ಬಿಚ್ಚಿಲ್ಲ ಎಂದು ಹೇಳಿ ನಮ್ಮ ಇಡೀ ಮಧ್ಯಾಹ್ನವನ್ನು ತಿಂದುಹಾಕಿದ್ದರು. ನಾನೂ ದಿನಾ ಬೆಳಿಗ್ಗೆ ಕುತ್ತಿಗೆಯ ಶಿಲುಬೆಯ ಸರ ಬಿಚ್ಚಿ ಬ್ಯಾಗಿಗೆ ಹಾಕಿಯೇ ಒಳಗೆ ಹೋಗುತ್ತಿದ್ದೆ. ಏಳು ವರ್ಷ ದಿನಾ ಬಿಚ್ಚಿ ದಿನಾ ಹಾಕಿದವಳಿಗೆ ಬಿಚ್ಚುವುದು ಒಂದು ದೊಡ್ಡ ಸಂಗತಿ ಎಂದು ತೋಚುವುದೇ ಇಲ್ಲ. ನನ್ನ ತಪ್ಪಿನ ಬೇರು ಅಲ್ಲೇ ಇತ್ತು ಎಂದು ಈಗ ಅನಿಸುತ್ತದೆ.

ಆ ತಿಂಗಳು ಗರ್ಭಕಂಠದ ಕ್ಯಾನ್ಸರಿನ ಹೆಂಗಸರು ಹೆಚ್ಚು ಬಂದರು. ಹಿಂದೆ ಡಾಕ್ಟರು ಕೈಯಿಂದ ಪರೀಕ್ಷೆ ಮಾಡಿಯೇ ರೋಗ ಯಾವ ಹಂತದಲ್ಲಿದೆ ಎಂದು ಹೇಳುತ್ತಿದ್ದರಂತೆ. ಈಗ ಚಿತ್ರವನ್ನೂ ಕೇಳುತ್ತಾರೆ. ಚಿತ್ರದಲ್ಲಿ ನೋಡಬೇಕಾದದ್ದು ಮುಖ್ಯವಾಗಿ ಒಂದೇ. ಗರ್ಭಕಂಠದ ಸುತ್ತ ಒಂದು ಕಪ್ಪು ಉಂಗುರ ಕಾಣುತ್ತದೆ. ಗಡ್ಡೆ ಬೂದು ಬಣ್ಣದಲ್ಲಿ ಆ ಉಂಗುರದ ಒಳಗೇ ಇದ್ದು, ಗಾತ್ರವೂ ಸಣ್ಣದಿದ್ದರೆ ಆಪರೇಷನ್ ಮಾಡಬಹುದು. ಉಂಗುರ ಎಲ್ಲಾದರೂ ಕಡಿದು ಬೂದು ಬಣ್ಣ ಹೊರಗೆ ಚಾಚಿದ್ದರೆ, ಗದ್ದೆಯ ಅಂಚು ಒಡೆದು ನೀರು ಪಕ್ಕದ ಗದ್ದೆಗೆ ಹೋದ ಹಾಗೆ. ಆಮೇಲೆ ಕತ್ತರಿಸಿ ಪ್ರಯೋಜನವಿಲ್ಲ. ವಾರಗಟ್ಟಲೆ ರೇಡಿಯೇಷನ್, ಜೊತೆಗೆ ಕೀಮೋ. ಓದಿ ಹೇಳುವುದು ರೇಡಿಯಾಲಜಿಯ ಮೇಡಂ. ನಾನು ಚಿತ್ರ ತೆಗೆಯುವವಳು ಮಾತ್ರ. ಬಾಯಿ ಬಿಡಬಾರದು ಎಂಬುದು ನಿಯಮ. ಆದರೆ ಸಾವಿರ ಉಂಗುರ ನೋಡಿದ ಕಣ್ಣಿಗೆ ಕಾಣುವುದು ಕಂಡೇ ಕಾಣುತ್ತದೆ.

ವಾರಿಜಕ್ಕ ಬಂದದ್ದು ಒಂದು ಸೋಮವಾರ ಸಂಜೆ ಐದರ ಹೊತ್ತಿಗೆ. ಎಲ್ಲೂರಿನ ಕಡೆಯವರು, ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಬೇಯಿಸುವ ಕೆಲಸ. ಐವತ್ತು ದಾಟಿದ, ಗಟ್ಟಿ ಕೈಗಳ, ಗಂಡ ಇಲ್ಲದ ಹೆಂಗಸು. ಜೊತೆಗೆ ಕಟಪಾಡಿಯಲ್ಲಿ ಆಟೋ ಓಡಿಸುವ ತಮ್ಮ ಸದಾಶಿವ. ಆತ ನನ್ನನ್ನು ಬಾಗಿಲ ಹೊರಗೆ ಕರೆದು ತಗ್ಗಿದ ಸ್ವರದಲ್ಲಿ ಹೇಳಿದ.

"ಮೇಡಂ, ಅಕ್ಕನಿಗೆ ಹೆಸರು ಹೇಳಲಿಲ್ಲ. ಗಡ್ಡೆ ಅಂತ ಮಾತ್ರ ಗೊತ್ತುಂಟು."

ಒಳಗೆ ಹೋದರೆ ವಾರಿಜಕ್ಕನೇ ನನ್ನ ಕೈ ಹಿಡಿದು ಕೇಳಿದರು. ಮಾತೆಲ್ಲ ತುಳುವಿನಲ್ಲೇ. ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ ಅಷ್ಟೇ.

"ಮೇಡಂ, ಕ್ಯಾನ್ಸರ್ ಅಂತ ನನಗೆ ಗೊತ್ತುಂಟು, ತಮ್ಮನಿಗೆ ಹೇಳಬೇಡಿ, ಪಾಪ ಹೆದರ್ತಾನೆ. ಡಾಕ್ಟರು ಕೈ ಹಾಕಿ ನೋಡಿ, ಸಣ್ಣದುಂಟು, ಆಪರೇಷನ್ ಆದೀತು ಅಂದಿದ್ದಾರೆ. ಫಿಲ್ಮಿನಲ್ಲಿ ದಾಟಿಲ್ಲ ಅಂತ ಬಂದರೆ ಸಾಕಂತೆ. ದಾಟಲಿಕ್ಕಿಲ್ಲ ಅಲ್ವಾ?"

"ಅದನ್ನೆಲ್ಲ ಡಾಕ್ಟರು ಹೇಳ್ತಾರೆ ಅಕ್ಕ. ನೀವು ಅಲುಗಾಡದೆ ಮಲಗಿ."

"ದಾಟಿದರೆ ಎಂತ ಮಾಡುದು ಅಂತ ನಾನು ಯೋಚನೆಯೇ ಮಾಡಲಿಲ್ಲ ಮಾರಾಯ್ರೆ. ನಮ್ಮ ಅತ್ತೆಗೆ ಕರೆಂಟು ಕೊಡಿಸಿದ್ದರು. ಮನೆಗೆ ಬಂದು ಮೂರು ತಿಂಗಳು ಉಳಿಯಲಿಲ್ಲ."

ಕರೆಂಟು ಎಂದರೆ ನಮ್ಮ ಹಳ್ಳಿಗಳಲ್ಲಿ ರೇಡಿಯೇಷನ್. ಅದು ಕೊನೆಯವರಿಗೆ ಕೊಡುವ ಮದ್ದು ಎಂದೇ ಎಲ್ಲರ ಲೆಕ್ಕ. ಹಾಗಲ್ಲ, ಅದರಿಂದ ಗುಣವಾದವರು ಎಷ್ಟೋ ಮಂದಿ ಇದ್ದಾರೆ ಎಂದು ಕುಳಿತು ಹೇಳಬಹುದಿತ್ತು. ಹೊರಗೆ ಇನ್ನೂ ಇಬ್ಬರು ಕಾಯುತ್ತಿದ್ದರು, ಒಂದು ಮೊಣಕಾಲು, ಒಂದು ತಲೆ. ನಾವು ಜನರನ್ನು ಹಾಗೆಯೇ ಕರೆಯುತ್ತಿದ್ದೆವು. ನಾನು ಫಾರ್ಮಿನ ಪ್ರಶ್ನೆಗಳನ್ನು ಗಡಗಡನೆ ಓದಿದೆ. ಮೈಯಲ್ಲಿ ಪೇಸ್‌ಮೇಕರ್ ಇದೆಯಾ, ಸ್ಕ್ರೂ ಹಾಕಿದ್ದಾರಾ, ಮೈಮೇಲೆ ಚಿನ್ನ ಬೆಳ್ಳಿ ಕಬ್ಬಿಣ ಏನಾದರೂ ಉಂಟಾ. ಎಲ್ಲದಕ್ಕೂ ಇಲ್ಲ ಎಂದರು. ಕಮಲಕ್ಕ ಆ ದಿನ ಮೊಮ್ಮಗುವಿಗೆ ಜ್ವರವೆಂದು ಬೇಗ ಹೋಗಿದ್ದರು. ಬಟ್ಟೆ ಬದಲಿಸುವಾಗ ನೋಡುವವರು ಯಾರೂ ಇರಲಿಲ್ಲ.

ಅಷ್ಟು ಅಲುಗಾಡದೆ ಮಲಗಿದ ಹೆಂಗಸನ್ನು ನಾನು ನೋಡಿಲ್ಲ. ಯಂತ್ರ ಮುಕ್ಕಾಲು ಗಂಟೆ ಬಡಿದರೂ ಒಂದು ಬೆರಳು ಮಿಸುಕಲಿಲ್ಲ. ಚಿತ್ರ ಒಂದೊಂದೇ ಬಂದಾಗ ಎಡಬದಿಯಲ್ಲಿ ಕಪ್ಪು ಉಂಗುರ ಚೆನ್ನಾಗಿ ಕಂಡಿತು. ಬಲಬದಿ ಹಿಂದಿನಿಂದ ಒಂದು ಕಪ್ಪು ಕಲೆ ಎದ್ದು ಅರ್ಧ ಭಾಗವನ್ನು ನುಂಗಿತ್ತು, ಗೆರೆಗಳೆಲ್ಲ ಸೊಟ್ಟಗಾಗಿದ್ದವು. ಕರುಳಿನ ಗಾಳಿ ಇರಬೇಕು ಎಂದುಕೊಂಡೆ. ಗಾಳಿ ಅಲ್ಲ ಎಂದು ಒಳಗೊಳಗೆ ಗೊತ್ತಿತ್ತು. ಎಬ್ಬಿಸಿ, ಪರೀಕ್ಷಿಸಿ, ಮತ್ತೆ ಮೊದಲಿನಿಂದ ತೆಗೆಯಬೇಕೆಂದರೆ ಇನ್ನೊಂದು ಗಂಟೆ. ಮೊಣಕಾಲು ಆಗಲೇ ಎರಡು ಸಲ ಬಾಗಿಲು ತಟ್ಟಿತ್ತು. ನನಗೆ ಸಾಕಾಗಿತ್ತು. ಇದಕ್ಕಿಂತ ದೊಡ್ಡ ಕಾರಣ ಹುಡುಕಿದರೂ ನನ್ನಲ್ಲಿ ಇಲ್ಲ.

ಹೊರಗೆ ಬಂದ ವಾರಿಜಕ್ಕನ ಮುಖ ಗೆಲುವಾಗಿತ್ತು. ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದರು, "ಒಳಗೆ ಹೋಗುವಾಗ ಯಾರೋ ಹಿಂದಿನಿಂದ ಸೊಂಟ ಹಿಡಿದು ಎಳೆದ ಹಾಗೆ ಆಯಿತು ಮೇಡಂ. ಮತ್ತೆ ನನಗೆ ಹೆದರಿಕೆಯೇ ಆಗಲಿಲ್ಲ."

ಈ ಮಾತು ಕೇಳಿ ಯಾವ ಎಂ.ಆರ್.ಐ. ಟೆಕ್ನೀಷಿಯನ್ ಆದರೂ ಹೌಹಾರಬೇಕು. ನಾನು "ಆಯಿತು ಅಕ್ಕ, ನಿಧಾನ ಹೋಗಿ" ಎಂದೆ.

ಮರುದಿನ ಮೇಡಂ ಕರೆದರು. ಅವರು ಗದರುವವರಲ್ಲ, ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಾರೆ. ಅದು ಗದರಿದ್ದಕ್ಕಿಂತ ಹೆಚ್ಚು.

"ಲವೀನಾ, ಇದು ಎಂತ? ಬಲಬದಿ ನನಗೆ ಏನೂ ಕಾಣುವುದಿಲ್ಲ. ಇಲ್ಲಿ ಲೋಹ ಇತ್ತು. ದಾಟಿಲ್ಲ ಅಂತ ನಾನು ಬರೆದು, ಅವರು ಆಪರೇಷನ್‌ಗೆ ತೆರೆದು, ಒಳಗೆ ದಾಟಿದ್ದರೆ? ಅರ್ಧಕ್ಕೆ ಬಿಟ್ಟು ಹೊಲಿದು, ಅದರ ಮೇಲೆ ರೇಡಿಯೇಷನ್ನೂ ಕೊಡಬೇಕು. ಎರಡೂ ಶಿಕ್ಷೆ ಆ ಹೆಂಗಸಿಗೆ. ವಾಪಸ್ ಕರೆಸು."

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರಲ್ಲ, ಹಾಗಾಯಿತು ನನಗೆ. ಸದಾಶಿವನಿಗೆ ಫೋನ್ ಮಾಡಿ ಯಂತ್ರದ್ದೇನೋ ತೊಂದರೆ ಎಂದು ಸುಳ್ಳು ಹೇಳಿದೆ. ಆತ ನಂಬಿದ. "ಮಳೆಗೆ ಎಲ್ಲಾ ಮಿಷನ್ನೂ ಹಾಗೆಯೇ ಮೇಡಂ, ನನ್ನ ಆಟೋ ಸಹ" ಎಂದ. ಗುರುವಾರ ಬೆಳಿಗ್ಗೆ ಅಕ್ಕನನ್ನು ಕರೆತಂದ.

ಈ ಸಲ ಕಮಲಕ್ಕ ಇದ್ದರು. ಬಟ್ಟೆ ಬದಲಿಸುವ ಕೋಣೆಯಿಂದ ಐದು ನಿಮಿಷದಲ್ಲಿ ನನ್ನನ್ನು ಕರೆದರು. ವಾರಿಜಕ್ಕ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದರು. ಸೊಂಟಕ್ಕೆ ಒಂದು ಕಪ್ಪು ನೂಲು, ಅದರಲ್ಲಿ ಹೆಬ್ಬೆರಳ ಉಗುರಿನಷ್ಟು ಉದ್ದದ ತಾಮ್ರದ ತಾಯಿತ. ತಾಯಿತವನ್ನು ಬಲಬದಿಯ ಹಿಂದಕ್ಕೆ ತಿರುಗಿಸಿ ಇಟ್ಟುಕೊಂಡಿದ್ದರು.

"ಮೊನ್ನೆಯೂ ಇತ್ತಾ ಇದು?"

"ಇತ್ತು."

"ನಾನು ಕೇಳಿದೆನಲ್ಲ ಅಕ್ಕ, ಮೈಮೇಲೆ ಏನಾದರೂ ಉಂಟಾ ಅಂತ."

"ನೀವು ಚಿನ್ನ ಬೆಳ್ಳಿ ಕೇಳಿದ್ದು. ಇದು ಒಡವೆಯಾ?"

ಆಮೇಲೆ ನಿಧಾನವಾಗಿ ಹೇಳಿದರು. ಬೇಸಿಗೆಯಲ್ಲಿ ರಕ್ತ ಹೋಗಲು ಶುರುವಾದಾಗ ಯಾರಿಗೂ ಹೇಳಿರಲಿಲ್ಲ. ಮನೆತನದ ದೈವ ಪಾತ್ರಿಯ ಮೈಮೇಲೆ ಬಂದು ನುಡಿಯುವ ನೇಮದ ದಿನ, ಆ ವರ್ಷದ ಕೊನೆಯ ನೇಮ, ದೈವದ ಎದುರು ನಿಂತು ಹೇಳಿಕೊಂಡರು. ದೈವ ಈ ನೂಲು ಕಟ್ಟಿಸಿ ಅಭಯ ಕೊಟ್ಟಿತು. ನಾನು ನಿನ್ನ ಬೆನ್ನ ಹಿಂದೆ ನಿಲ್ಲುತ್ತೇನೆ, ಮೈ ಗುಣವಾಗುವ ತನಕ ನೂಲು ಬಿಚ್ಚಬೇಡ, ಬಿಚ್ಚುವುದಿದ್ದರೆ ನನ್ನನ್ನು ಕೇಳಿ ಬಿಚ್ಚು. ಹಾಗಾಗಿ ಬೆನ್ನ ಹಿಂದಕ್ಕೆ.

"ಹಾಗಾದರೆ ಕೇಳಿ ಬಿಚ್ಚಿ ಅಕ್ಕ."

"ಯಾರ ಹತ್ತಿರ ಕೇಳುದು? ಪತ್ತನಾಜೆ ಕಳೆಯಿತಲ್ಲ. ಇನ್ನು ನೇಮ ದೀಪಾವಳಿ ಆದ ಮೇಲೆ."

ಇದು ನಮ್ಮ ಊರಿನ ಲೆಕ್ಕ. ಮೇ ತಿಂಗಳ ಕೊನೆಯ ಪತ್ತನಾಜೆಯ ದಿನ ದೈವ ಕಟ್ಟುವವರು ಕಾಲಿನ ಗಗ್ಗರ ಬಿಚ್ಚಿಟ್ಟರೆ ಮಳೆಗಾಲ ಮುಗಿಯುವ ತನಕ ದೈವ ಮಾತನಾಡುವುದಿಲ್ಲ. ಕ್ಯಾನ್ಸರ್ ದೀಪಾವಳಿಯವರೆಗೆ ಕಾಯುವುದಿಲ್ಲ. ಕಮಲಕ್ಕ ಉಪಾಯ ಹೇಳಿದರು, ದೈವಸ್ಥಾನದ ದಿಕ್ಕಿಗೆ ಕೈಮುಗಿದು ತಪ್ಪುಕಾಣಿಕೆ ತೆಗೆದಿಡು ಮಾರಾಯ್ತಿ ಎಂದರು. ವಾರಿಜಕ್ಕ ತಲೆಯಾಡಿಸಿದರು, ಆಗುವುದಿಲ್ಲ ಎಂದು.

"ಮೇಡಂ, ಮೊನ್ನೆ ಒಳಗೆ ಹೋಗುವಾಗ ಹಿಡಿದುಕೊಂಡದ್ದು ಯಾರು? ನೀವೇ ಹೇಳಿ. ಇಲ್ಲಿ, ಸರಿಯಾಗಿ ಈ ನೂಲು ಇದ್ದಲ್ಲಿ. ಕೊಟ್ಟ ಮಾತಿಗೆ ದೈವ ಬಂದು ನಿಂತಿದೆ. ನಾನು ಬಿಚ್ಚಿ ಇಟ್ಟು ಹೇಗೆ ಒಳಗೆ ಹೋಗುದು?"

ಹೊರಗೆ ನಾಲ್ಕು ಮಂದಿ ಕಾಯುತ್ತಿದ್ದರು. ಸೆಂಟರಿನ ಮಾಲೀಕರು ಬೆಳಿಗ್ಗೆಯೇ ತಡವಾಗುತ್ತಿದೆ ಎಂದು ಗದರಿದ್ದರು. ಇವೆಲ್ಲ ನೆಪ. ನಿಜ ಹೇಳಬೇಕೆಂದರೆ ನನಗೆ ಸಿಟ್ಟು ಬಂದಿತ್ತು. ನನ್ನ ತಪ್ಪು ಆಕೆಯ ಸೊಂಟದಲ್ಲಿ ನೇತಾಡುತ್ತಿತ್ತು, ಆಕೆ ಅದಕ್ಕೆ ಕೈಮುಗಿಯುತ್ತಿದ್ದಳು.

ಅನುಮಾನದ ವಸ್ತುಗಳನ್ನು ಪರೀಕ್ಷಿಸಲು ನಮ್ಮಲ್ಲಿ ಒಂದು ಸಣ್ಣ ಕೈಮ್ಯಾಗ್ನೆಟ್ ಇತ್ತು. ಡ್ರಾಯರಿನಿಂದ ತೆಗೆದುಕೊಂಡು ಬಂದೆ.

"ನೋಡಿ ಅಕ್ಕ" ಎಂದು ತಾಯಿತದ ಹತ್ತಿರ ಹಿಡಿದೆ. ತಾಯಿತ ನೂಲಿನ ಸಮೇತ ಎದ್ದು ಬಂದು ಟಕ್ ಎಂದು ಅಂಟಿಕೊಂಡಿತು. ನೂಲು ಆಕೆಯ ಸೊಂಟವನ್ನು ಜಗ್ಗಿತು. ಮ್ಯಾಗ್ನೆಟ್ ಬಿಡಿಸಿ, ಮತ್ತೆ ಹತ್ತಿರ ಹಿಡಿದೆ. ಮತ್ತೆ ಟಕ್.

"ಇದರೊಳಗೆ ಕಬ್ಬಿಣದ ಮೊಳೆ ಉಂಟು. ಮೊನ್ನೆ ಎಳೆದದ್ದು ಯಾರೂ ಅಲ್ಲ, ಮಿಷನ್ನು."

ಕಮಲಕ್ಕ "ಸಾಕು ಲವೀನಾ ಬಾಯಿ" ಎಂದರು. ನಾನು ನಿಲ್ಲಿಸುವಷ್ಟರಲ್ಲಿ ಮೂರು ಸಲ ಆಗಿತ್ತು.

ವಾರಿಜಕ್ಕ ಅಳಲಿಲ್ಲ, ಸಿಟ್ಟಾಗಲಿಲ್ಲ. ಮ್ಯಾಗ್ನೆಟ್ಟನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಒಂದು ಸಲ ತಾಯಿತದ ಹತ್ತಿರ ಹಿಡಿದು ನೋಡಿದರು. ಬಿಡಿಸಿದರು. ಆಮೇಲೆ ಬಗ್ಗಿ ನೂಲಿನ ಗಂಟು ಬಿಚ್ಚಿ, ಮಡಚಿ, ಕಮಲಕ್ಕನ ಕೈಗೆ ಕೊಟ್ಟರು. "ಆಯಿತಲ್ಲ, ಬನ್ನಿ" ಎಂದರು.

ಎರಡನೆಯ ಸಲದ ಚಿತ್ರ ನಾನು ತೆಗೆದ ಅತ್ಯುತ್ತಮ ಚಿತ್ರಗಳಲ್ಲಿ ಒಂದು. ಒಂದು ಕಲೆ ಇಲ್ಲ, ಒಂದು ಗೆರೆ ಸೊಟ್ಟ ಇಲ್ಲ. ಎಡಬದಿಯಲ್ಲಿ ಉಂಗುರ ಮೊನ್ನೆಯ ಹಾಗೆಯೇ ಗಟ್ಟಿ ಇತ್ತು. ಬಲಬದಿ ಹಿಂದೆ, ಮೊನ್ನೆ ಕಪ್ಪು ಕಲೆ ಮುಚ್ಚಿದ್ದ ಜಾಗದಲ್ಲಿ, ಉಂಗುರ ಕಡಿದಿತ್ತು. ಬೂದು ಬಣ್ಣ ಅಲ್ಲಿಂದ ಹೊರಗೆ ಹೊರಟಿತ್ತು. ನಾನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದೆ. ಮೈಕಿನಲ್ಲಿ ಏನಾದರೂ ಮಾತಾಡಬೇಕಿತ್ತು.

"ಹೇಗುಂಟು ಅಕ್ಕ?"

"ಚಳಿ" ಎಂದರು.

ಮೇಡಂ ಕಂಡದ್ದನ್ನು ಬರೆದರು. ದೊಡ್ಡ ಆಸ್ಪತ್ರೆಯ ಡಾಕ್ಟರು ಆಪರೇಷನ್ ಬೇಡ, ರೇಡಿಯೇಷನ್ ಮತ್ತು ಕೀಮೋ ಎಂದರು. ಫಿಲ್ಮ್ ಕೊಂಡುಹೋಗಲು ಬಂದ ದಿನ ವಾರಿಜಕ್ಕ ನನ್ನನ್ನು ಕೇಳಬೇಕೆಂದೇ ಬೆಂಚಿನಲ್ಲಿ ಎರಡು ಗಂಟೆ ಕೂತಿದ್ದರು. ಪಕ್ಕದಲ್ಲಿ ಸದಾಶಿವ, ನೆಲ ನೋಡುತ್ತಾ.

"ಸೋಮವಾರ ದಾಟಿರಲಿಲ್ಲ. ನೂಲು ಬಿಚ್ಚಿದ ಮೇಲೆ ದಾಟಿದ್ದು. ಹೌದಾ ಮೇಡಂ?"

ಆ ದಿನ ನಾನು ಹೊರಗಿನ ಸಾಲನ್ನು ಕಾಯಲು ಬಿಟ್ಟು ಅವರ ಪಕ್ಕ ಕೂತೆ. ಎರಡೂ ಫಿಲ್ಮುಗಳನ್ನು ಬೆಳಕಿಗೆ ಹಿಡಿದು ತೋರಿಸಿದೆ. ಮೂರು ದಿನದಲ್ಲಿ ಇದು ದಾಟುವಂಥದ್ದಲ್ಲ, ಸೋಮವಾರವೂ ದಾಟಿತ್ತು, ತಾಯಿತದ ನೆರಳು ಮುಚ್ಚಿತ್ತು, ನಾನು ಅವತ್ತೇ ಸರಿಯಾಗಿ ನೋಡಬೇಕಿತ್ತು, ತಪ್ಪು ನನ್ನದು ಎಂದೆ. ಯಂತ್ರ ಹಾಳಾಗಿತ್ತು ಅಂದದ್ದು ಸುಳ್ಳು ಎಂದೂ ಹೇಳಿದೆ. ಕರೆಂಟು ಎಂದರೆ ಸಾವಲ್ಲ, ಅತ್ತೆಯ ಕಾಯಿಲೆ ಎಷ್ಟು ಮುಂದೆ ಹೋಗಿತ್ತೋ ಯಾರಿಗೆ ಗೊತ್ತು, ನಿಮ್ಮದು ಹಾಗಲ್ಲ ಎಂದೆ. ಟೆಕ್ನೀಷಿಯನ್ ಆಡಬಾರದ ಮಾತುಗಳನ್ನೆಲ್ಲ ಆಡಿದೆ. ಅವರು ಕೇಳಿ, "ಆಯಿತು ಮೇಡಂ, ಆರು ವಾರ ತಾನೇ" ಎಂದರು. ಎದ್ದು ಹೊರಡುವಾಗ ಸದಾಶಿವ ಅಕ್ಕನಿಗೆ ಕೊಡೆ ಬಿಡಿಸಿ ಹಿಡಿದ. ಆಕೆಗೆ ಎಲ್ಲ ಗೊತ್ತು ಎಂಬುದು ಆತನಿಗೆ ಆ ಬೆಂಚಿನಲ್ಲೇ ಗೊತ್ತಾದದ್ದು.

ಆಟಿ ಕಳೆಯಿತು, ಮಳೆ ಬಿಟ್ಟಿತು. ಹೆರಿಗೆಗೆ ಹೋದವಳು ಕೆಲಸಕ್ಕೆ ಬಂದಳು, ನನ್ನ ಬೆನ್ನುನೋವು ಮಾತ್ರ ಹೋಗಲಿಲ್ಲ. ವಾರಿಜಕ್ಕ ಆರು ವಾರ ಎಲ್ಲೂರಿನಿಂದ ದಿನಾ ತಮ್ಮನ ಆಟೋದಲ್ಲಿ ಮಣಿಪಾಲಕ್ಕೆ ಹೋಗಿ ಬಂದರೆಂದು ಕೇಳಿದೆ. ಒಂದು ದಿನವೂ ತಪ್ಪಿಸಲಿಲ್ಲವಂತೆ.

ಚಿಕಿತ್ಸೆ ಮುಗಿದು ಮೂರು ತಿಂಗಳಾದ ಮೇಲೆ ಮತ್ತೆ ಚಿತ್ರ ತೆಗೆಸಲು ನಮ್ಮಲ್ಲಿಗೇ ಬಂದರು. ತೆಳ್ಳಗಾಗಿದ್ದರು, ಕೂದಲು ಉದುರಿ ತುರುಬು ಲಿಂಬೆಹಣ್ಣಿನಷ್ಟಾಗಿತ್ತು. ನಾನು ಫಾರ್ಮ್ ತೆಗೆಯುವ ಮೊದಲೇ "ಎಂತದೂ ಇಲ್ಲ ಮೇಡಂ" ಎಂದು ಸೊಂಟ ತಟ್ಟಿ ತೋರಿಸಿದರು. ಚಿತ್ರ ಒಂದೊಂದಾಗಿ ಬಂತು. ಬೂದು ಬಣ್ಣ ಇರಲಿಲ್ಲ. ಒಂದು ಸಲ ನಂಬದೆ ಇನ್ನೊಂದು ಸಲ ನೋಡಿದೆ, ಮೇಡಂ ಅವರನ್ನು ಕರೆದು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡೇ ನಕ್ಕರು. "ಹೋಗಿ ಹೇಳು, ನೀನೇ ಹೇಳು" ಎಂದರು.

ಓಡಿಹೋಗಿ ಹೇಳಿದೆ. ಹೇಳುವಾಗ ನನಗೇ ಅಳು ಬಂತು. ಸದಾಶಿವ ಹೊರಗೆ ಹೋಗಿ ಆಟೋದ ಮರೆಯಲ್ಲಿ ನಿಂತ. ವಾರಿಜಕ್ಕ ನನ್ನ ಕೈ ಹಿಡಿದು, "ನಿಮ್ಮಿಂದ ಆಯಿತು, ದೊಡ್ಡ ಉಪಕಾರ" ಎಂದರು. ಮನಸಾರೆ ಹೇಳಿದ ಮಾತು ಅದು, ವ್ಯಂಗ್ಯ ಇರಲಿಲ್ಲ.

ಖುಷಿಯಲ್ಲಿ ಬಾಯಿ ತಡೆಯದೆ ನಾನು ಹೇಳಿದೆ, "ಈಗ ನೇಮ ಶುರುವಾಯಿತಲ್ಲ ಅಕ್ಕ. ಗುಣ ಆಯಿತು ಅಂತ ಹೋಗಿ ಹೇಳಿ. ಬೇಕಾದರೆ ಹೊಸ ನೂಲು ಕಟ್ಟಿಸಿಕೊಳ್ಳಿ. ಇನ್ನು ನಾನು ಬಿಚ್ಚಿಸುವುದಿಲ್ಲ."

ಅವರು ಸೆರಗು ಸರಿಮಾಡಿಕೊಂಡರು.

"ನೇಮಕ್ಕೆ ಹೋಗಿದ್ದೆ ಮೇಡಂ. ಕೈಮುಗಿದು ಬಂದೆ. ಕಟ್ಟಿಸಿಕೊಳ್ಳು ಅಂತ ಕುಟುಂಬದ ಅಣ್ಣಂದಿರು ಎಲ್ಲ ಹೇಳಿದರು." ಚಪ್ಪಲಿಗೆ ಕಾಲು ತೂರಿಸಿದರು. "ಕಟ್ಟಿಸಿ ಎಂತ ಮಾಡುದು? ಒಳಗೆ ಮೊಳೆ ಅಲ್ವಾ ಇರುದು."